ಪೊಲೀಸ್ ವ್ಯಾನಿನ ಕಾಲ ಮುಗಿದದ್ದು ಹೀಗೆ

1966ರ ನವೆಂಬರ್ 4. ಅಮೆರಿಕದ ಪಿಟ್ಸ್‌ಬರ್ಗ್‌ನ ಚುನಾವಣಾ ಸಭೆಯಲ್ಲಿ 77 ವರ್ಷದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ಹೃದಯಾಘಾತದಿಂದ ಕುಸಿದರು. ಆಗ ಆ ಊರಿನಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದುದು ಹೆಚ್ಚಾಗಿ ಪೊಲೀಸ್ ವ್ಯಾನುಗಳೇ. ದಾರಿಯಲ್ಲಿ ಸರಿಯಾದ ಚಿಕಿತ್ಸೆ ಇಲ್ಲ. ಲಾರೆನ್ಸ್ ಅವರಿಗೆ ಪ್ರಜ್ಞೆ ಮರಳಲಿಲ್ಲ. 17 ದಿನಗಳ ಬಳಿಕ ತೀರಿಕೊಂಡರು.

ನಿಂತುಹೋದ ಹೃದಯ, ಉಸಿರಾಟಕ್ಕೆ ಮರುಚಾಲನೆ ನೀಡುವ ಸಿಪಿಆರ್ ವಿಧಾನ ರೂಪಿಸಿದವರಲ್ಲಿ ಒಬ್ಬರಾದ ಅರಿವಳಿಕೆ ತಜ್ಞ ಪೀಟರ್ ಸಫರ್ ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದರು. ರೋಗಿ ಬಿದ್ದ ಜಾಗದಲ್ಲೇ ಆರೈಕೆ ಶುರುವಾಗಬೇಕೆಂಬುದು ಅವರ ಹಠ. ಅವರ ನೆರವಿನಿಂದ 1967ರಲ್ಲಿ ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆ ಹುಟ್ಟಿತು. ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ, ಕೆಲಸವಿಲ್ಲದ ಕಪ್ಪು ಜನಾಂಗದ ಯುವಕರು ಸುಮಾರು 300 ಗಂಟೆ ತರಬೇತಿ ಪಡೆದು ಪ್ಯಾರಾಮೆಡಿಕ್‌ಗಳಾದರು.

1975ರಲ್ಲಿ ನಗರಾಡಳಿತ ತನ್ನದೇ ಸೇವೆ ತೆರೆದು ಫ್ರೀಡಂ ಹೌಸನ್ನು ಮುಚ್ಚಿಸಿತು. ದಾರಿ ತೋರಿದವರಿಗೆ ಸಂದ ಪ್ರತಿಫಲ ಅನ್ಯಾಯದ್ದೇ.