ಗೋಡೆಯೊಳಗಿನ ಮೀನಿನ ತೊಟ್ಟಿ: ಭಾರ ಗೋಡೆಗೆ ಬೇಡ

ಚಿತ್ರಪಟದಂತೆ ಗೋಡೆಯಲ್ಲೇ ಕೂರಿಸಿದ ಗಾಜಿನ ಅಕ್ವೇರಿಯಂ ಪಡಸಾಲೆಗೆ ವಿಶೇಷ ಶೋಭೆ ತರುತ್ತದೆ, ಜಾಗವನ್ನೂ ಉಳಿಸುತ್ತದೆ. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೆಲೆಸಿ ಊರಿನ ಹಿರಿಯರ ಮನೆಯನ್ನು ನವೀಕರಿಸುವವರಿಗೂ ಇಂತಹ ಆಸೆ ಮೂಡುವುದು ಸಹಜ. ಆದರೆ ಇದು ಕೇವಲ ಅಲಂಕಾರದ ಕೆಲಸವಲ್ಲ. ಗೋಡೆ ಒಡೆಯುವ ಮುನ್ನ ಮನೆಯ ಮಣ್ಣು, ಗೋಡೆ ಹಾಗೂ ನೀರಿನ ಗುಣವನ್ನು ಅರಿತುಕೊಳ್ಳುವುದು ಅವಶ್ಯ.

ಇದಕ್ಕೆ ಗದಗ ಜಿಲ್ಲೆ ರೋಣ ತಾಲ್ಲೂಕಿನ ಮೆಣಸಗಿಯಂತಹ ಊರುಗಳು ತಕ್ಕ ನಿದರ್ಶನ. ಮಲಪ್ರಭಾ ತೀರದ ಈ ಸೀಮೆಯ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ತಳಪಾಯ ಆಳವಿಲ್ಲದ ಮನೆಗಳ ಗೋಡೆ ಬಿರುಕು ಬಿಡಲು ಇದೇ ಮುಖ್ಯ ಕಾರಣ. ಗೋಡೆ ಕೂದಲೆಳೆಯಷ್ಟು ವಾಲಿದರೂ ಅದಕ್ಕೆ ಬಿಗಿದ ಗಾಜಿನ ತೊಟ್ಟಿಯ ಬೆಸುಗೆ ಬಿಟ್ಟುಕೊಳ್ಳಬಹುದು.

ತೂಕದ ಲೆಕ್ಕ

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಗೆ 40 ಸೆಂ.ಮೀ. ಮಟ್ಟದವರೆಗೆ ನೀರು ತುಂಬಿದರೆ ಸುಮಾರು 216 ಲೀಟರ್ ಹಿಡಿಯುತ್ತದೆ. ಅಂದರೆ ನೀರಿನ ತೂಕವೇ 216 ಕಿಲೋ. 10 ಮಿ.ಮೀ. ದಪ್ಪದ ಗಾಜು ಸುಮಾರು 50 ಕಿಲೋ, ಹರಳುಕಲ್ಲು 30 ಕಿಲೋ ಸೇರಿದರೆ ಒಟ್ಟು ಭಾರ 300 ಕಿಲೋ ಸಮೀಪಿಸುತ್ತದೆ. ಮುಂಭಾಗದ ಗಾಜೊಂದರ ಮೇಲೆಯೇ ನೀರು ಹಾಕುವ ಒತ್ತಡ ಸುಮಾರು 95 ಕಿಲೋ ತೂಕಕ್ಕೆ ಸಮ. ಒಂದೆಡೆಯ ಒತ್ತಡ ಅವಲಂಬಿಸಿರುವುದು ನೀರಿನ ಆಳವನ್ನು. ಆದ್ದರಿಂದ ತೊಟ್ಟಿಯನ್ನು ಎತ್ತರಿಸಿದಷ್ಟೂ ಗಾಜು ದಪ್ಪವಾಗಬೇಕು.

ಗೋಡೆ ಯಾವುದು?

ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ ದೀಪವಿಡುವ ಮಾಡಗಳಿರುತ್ತವೆ. ಅದನ್ನೇ ದೊಡ್ಡದು ಮಾಡಿ ತೊಟ್ಟಿ ಇಡಬಹುದೆಂಬ ಯೋಚನೆ ಅಪಾಯಕಾರಿ. ಮಣ್ಣಿನ ಗೋಡೆಯ ಶತ್ರು ತೇವ. ತೊಟ್ಟಿಯಿಂದ ನಿತ್ಯ ಆವಿಯಾಗುವ ನೀರು, ತಿಂಗಳುಗಟ್ಟಲೆ ಕಣ್ಣಿಗೆ ಬೀಳದ ಸಣ್ಣ ಸೋರಿಕೆ ಗೋಡೆಯನ್ನು ಒಳಗಿನಿಂದಲೇ ಸಡಿಲಗೊಳಿಸುತ್ತವೆ. ನೀರು ಕುಡಿದ ಮಣ್ಣಿನ ಗೋಡೆಯ ಗತಿ ಏನೆಂಬುದನ್ನು ಉತ್ತರ ಕರ್ನಾಟಕ 2009 ಹಾಗೂ 2019ರ ನೆರೆಯಲ್ಲಿ ಕಂಡಿದೆ. ಅಲ್ಲದೆ ತೊಲೆ, ಜಂತಿಗಳ ಭಾರ ಹೊತ್ತ ಗೋಡೆಯನ್ನು ಕೊರೆಯುವುದೆಂದರೆ ಮಾಳಿಗೆಯನ್ನೇ ಅಲುಗಿಸಿದಂತೆ.

ಇಟ್ಟಿಗೆಯ ಮನೆಯಲ್ಲಿಯೂ ಭಾರ ಹೊರುವ ಗೋಡೆಯನ್ನು ಬಿಟ್ಟು ಎರಡು ಕೋಣೆಗಳ ನಡುವಿನ ಅಡ್ಡಗೋಡೆಯನ್ನು ಆರಿಸಿಕೊಳ್ಳುವುದು ಲೇಸು. ಕಿಂಡಿಯ ಮೇಲ್ಭಾಗಕ್ಕೆ ಕಾಂಕ್ರೀಟ್ ಲಿಂಟಲ್ ಕಡ್ಡಾಯ. ಅದು ಎರಡೂ ಬದಿಯ ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಕುಳಿತಿರಬೇಕು. ಗೌಂಡಿಯನ್ನು ಕರೆಸುವ ಮುನ್ನ ಎಂಜಿನಿಯರ್ ಒಬ್ಬರಿಗೆ ಗೋಡೆ ತೋರಿಸುವುದು ಉತ್ತಮ. ಮಹಡಿಯ ಮೇಲಿನ ಕೋಣೆಯಾದರೆ ಈ ಸಲಹೆ ಇನ್ನೂ ಮುಖ್ಯ.

ಸುರಕ್ಷಿತ ವಿಧಾನ

ಸಾರ್ವಜನಿಕ ಮತ್ಸ್ಯಾಲಯಗಳಲ್ಲಿ ನೋಡುಗರಿಗೆ ಕಾಣುವುದು ಗಾಜಿನ ಕಿಂಡಿ ಮಾತ್ರ, ನಿರ್ವಹಣೆಯೆಲ್ಲ ಅದರ ಹಿಂದೆ ನಡೆಯುತ್ತದೆ. ಮನೆಗೂ ಇದೇ ಕ್ರಮ ಒಪ್ಪುತ್ತದೆ. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಅಥವಾ ಇಟ್ಟಿಗೆ ಕಟ್ಟೆಯ ಮೇಲೆ ತೊಟ್ಟಿಯಿಟ್ಟು ಗೋಡೆಯಲ್ಲಿ ಕಿಂಡಿಯನ್ನಷ್ಟೇ ತೆರೆಯಬೇಕು. ತೊಟ್ಟಿಗೂ ಗೋಡೆಗೂ ನಡುವೆ ಒಂದು ಸೆಂ.ಮೀ.ನಷ್ಟು ಅಂತರ ಬಿಟ್ಟು, ಅದನ್ನು ಗೋಡೆಗೆ ಮಾತ್ರ ಜೋಡಿಸಿದ ಮರದ ಚೌಕಟ್ಟಿನಿಂದ ಮರೆಮಾಡಬಹುದು. ಆಗ ಗೋಡೆ ಕದಲಿದರೂ ತೊಟ್ಟಿಗೆ ಪೆಟ್ಟಾಗದು.

ಎರೆಮಣ್ಣಿನ ಮೇಲಿನ ನೆಲವೂ ಏಳುಬೀಳು ಕಾಣುವುದರಿಂದ ಕಟ್ಟೆಯ ಕೆಳಗೆ ಗರಸು ತುಂಬಿ ದಮ್ಮಸು ಮಾಡಿ ಕಾಂಕ್ರೀಟ್ ಹಾಸು ಹಾಕಿಸಬೇಕು. ಮೇಲ್ಮೈಯನ್ನು ರಸಮಟ್ಟದಿಂದ ಪರೀಕ್ಷಿಸಿ, ಚೌಕಟ್ಟಿಲ್ಲದ ಗಾಜಿನ ತೊಟ್ಟಿಯಾದರೆ ಅಡಿಗೆ ಥರ್ಮೋಕೋಲ್ ಹಾಳೆ ಹಾಸಬೇಕು. ಕೂರಿಸುವ ಮುನ್ನ ಅಂಗಳದಲ್ಲಿ ಸಮತಟ್ಟಾದ ಆಧಾರದ ಮೇಲೆ ತೊಟ್ಟಿಗೆ ನೀರು ತುಂಬಿ ಎರಡು ದಿನ ಸೋರಿಕೆ ಪರೀಕ್ಷಿಸುವುದು ಜಾಣತನ. ಕೈಯಾಡಿಸಿ ಶುಚಿಗೊಳಿಸಲು ತೊಟ್ಟಿಯ ಮೇಲೆ ಕನಿಷ್ಠ 40 ಸೆಂ.ಮೀ. ತೆರವಿರಲಿ.

ವಿದ್ಯುತ್ ಮತ್ತು ಸೆಕೆ

ಪ್ಲಗ್‌ಗಳು ನೀರಿನ ಮಟ್ಟಕ್ಕಿಂತ ಮೇಲೆ, ತೊಟ್ಟಿಯ ಪಕ್ಕಕ್ಕೆ ಇರಬೇಕು. ಎಲ್ಲಿ ಇದ್ದರೂ ವೈರು ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿದರೆ ಅದರಗುಂಟ ಹರಿದ ಹನಿ ಪ್ಲಗ್ ಸೇರದೆ ಕೆಳಗೆ ಬೀಳುತ್ತದೆ. ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಬೇಕು. ಉಷ್ಣವಲಯದ ಬಹುತೇಕ ಅಲಂಕಾರಿಕ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ಬಿಸಿಲು 40 ಡಿಗ್ರಿ ಮುಟ್ಟುವ ಬಯಲುಸೀಮೆಯ ಬೇಸಿಗೆಯಲ್ಲಿ ಮುಚ್ಚಿದ ಗೂಡಿನೊಳಗೆ ನೀರು ಬೇಗ ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೀಗಾಗಿ ಗಾಳಿಯಾಡಲು ಹಿಂಬದಿ ತೆರೆದಿರಬೇಕು. ವಿದ್ಯುತ್ ಕಡಿತದ ಹೊತ್ತಿಗೆ ಬ್ಯಾಟರಿಯ ಏರ್ ಪಂಪ್ ಬೇಕು.

ನೀರು, ಮೀನು

ಕೊಳವೆಬಾವಿಯ ನೀರು ಗಡಸಾಗಿದ್ದರೆ ಗಪ್ಪಿ, ಮೊಲ್ಲಿ, ಪ್ಲಾಟಿ ಮೀನುಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ, ಮೃದುನೀರು ಬೇಡುವ ನಿಯಾನ್ ಟೆಟ್ರಾ ಸೊರಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಿಸಿಯೇ ತುಂಬಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಮೀನು ಬಿಡಬಾರದು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ನಂತರ ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬಳಿಕ ಪ್ರತಿ ವಾರ ಐದನೇ ಒಂದು ಭಾಗದಷ್ಟು ನೀರು ಬದಲಿಸಿದರೆ ಸಾಕು.

ಸಾಕುವುದು ಬೇಸರವಾಯಿತೆಂದು ಮೀನನ್ನು ಹಳ್ಳ, ಕೆರೆ, ನದಿಗೆ ಬಿಡುವುದು ಸಲ್ಲದು. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆ ಹೊರಬಿದ್ದು ದೇಶದ ಹಲವು ಜಲಮೂಲಗಳಲ್ಲಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಬೇಡವಾದ ಮೀನನ್ನು ಮಾರಾಟಗಾರರಿಗೆ ಅಥವಾ ಇನ್ನೊಬ್ಬ ಹವ್ಯಾಸಿಗೆ ಒಪ್ಪಿಸುವುದೇ ಸರಿ.

ಕಿಂಡಿ ತೆರೆಯಲು ಯೋಗ್ಯವಾದ ಗೋಡೆಯೇ ಮನೆಯಲ್ಲಿ ಇಲ್ಲದಿದ್ದರೆ ಗೋಡೆಗೆ ಒತ್ತಿನಂತೆ ಸ್ಟ್ಯಾಂಡ್ ಇಟ್ಟು ಸುತ್ತ ಮರದ ಚೌಕಟ್ಟು ಕಟ್ಟಿಸಿದರೂ ನೋಟ ಬಹುಪಾಲು ಅದೇ. ಖರ್ಚೂ ಕಡಿಮೆ, ಗೋಡೆಯೂ ಭದ್ರ.