ಯೋಧನ ಅಂತಿಮ ಯಾತ್ರೆ ಮತ್ತು ಪ್ರತಿಭಟನೆಯ ಹಕ್ಕು

ಸೈನಿಕನ ಅಂತ್ಯಕ್ರಿಯೆ ನಡೆಯುವ ಜಾಗದಲ್ಲಿ ಘೋಷಣೆ ಕೂಗಬಹುದೇ? ಫಲಕ ಹಿಡಿದು ನಿಲ್ಲಬಹುದೇ? ಪ್ರತಿಭಟಿಸುವುದು ಸಂವಿಧಾನ ಕೊಟ್ಟ ಹಕ್ಕು. ಸತ್ತವರನ್ನು ನೆಮ್ಮದಿಯಿಂದ ಬೀಳ್ಕೊಡುವುದು ಮನೆಯವರ ಹಕ್ಕು. ಇವೆರಡೂ ಒಂದೇ ಹೊತ್ತಿಗೆ ಒಂದೇ ಬೀದಿಯಲ್ಲಿ ಎದುರಾದರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು? ಸೇನೆ ಮತ್ತು ಜನಹೋರಾಟ ಎರಡನ್ನೂ ಹತ್ತಿರದಿಂದ ಕಂಡ ಕಾರವಾರ, ಅಂಕೋಲಾ ತಾಲ್ಲೂಕುಗಳ ನೆಲದಲ್ಲಿ ನಿಂತು ಈ ಪ್ರಶ್ನೆಯನ್ನು ನೋಡಬಹುದು.

ಸೇನೆಯೂ ಹೋರಾಟವೂ ಬೆಳೆದ ಕರಾವಳಿ

ಕಾರವಾರದ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಅದರ ಬಳಿಯಲ್ಲೇ ಮೇಜರ್ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ರಾಣೆ ಹುಟ್ಟಿದ್ದು 1918ರಲ್ಲಿ, ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳ ಗುಂಡಿನ ನಡುವೆಯೇ ನೆಲಬಾಂಬುಗಳನ್ನೂ ರಸ್ತೆಗಡ್ಡ ಕೆಡವಿದ ಮರಗಳನ್ನೂ ತೆಗೆದು, ನಮ್ಮ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು ಅವರು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು.

ಇದೇ ಕರಾವಳಿಯಲ್ಲಿ ‘ಸೀಬರ್ಡ್ ನಿರಾಶ್ರಿತರು’ ಎಂಬ ಮಾತೂ ಮನೆಮಾತಾಗಿದೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅರಗಾದಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಈ ನಡುವೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ಮರಳು ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಧರಣಿ ಕೂತರು, ನ್ಯಾಯಾಲಯಕ್ಕೆ ಅಲೆದರು. ಅವರ ಬೇಡಿಕೆ ಇದ್ದದ್ದು ನ್ಯಾಯವಾದ ಬೆಲೆ ಮತ್ತು ಕೊಟ್ಟ ಮಾತಿನ ಪಾಲನೆ. ಅದನ್ನು ಸೇನೆಯ ಮೇಲಿನ ದ್ವೇಷ ಎಂದು ಓದಿದರೆ ತಪ್ಪಾಗುತ್ತದೆ.

ಅಂಕೋಲಾದ ಹೋರಾಟದ ಚರಿತ್ರೆ ಇನ್ನೂ ಹಳೆಯದು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಆಮೇಲಿನ ಕರನಿರಾಕರಣೆಯಲ್ಲಿ ರೈತರು ಹೊಲ ಮನೆ ಕಳೆದುಕೊಂಡರೂ ಬಗ್ಗಲಿಲ್ಲ. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಬಂದದ್ದು ಹಾಗೆ. ಸೈನಿಕನ ಮನೆ ಬೇರೆ, ಹೋರಾಟಗಾರನ ಮನೆ ಬೇರೆ ಎಂದು ಇಲ್ಲಿ ಗೆರೆ ಹಾಕಲಾಗದು.

ಸೇನಾ ಗೌರವದ ಅಂತ್ಯಕ್ರಿಯೆ ಹೇಗೆ ನಡೆಯುತ್ತದೆ

2018ರ ಜುಲೈನಲ್ಲಿ ಛತ್ತೀಸಗಢದ ಕಾಂಕೇರ್ ಜಿಲ್ಲೆಯಲ್ಲಿ ನಕ್ಸಲರು ಹುದುಗಿಸಿಟ್ಟ ಬಾಂಬ್ ಸಿಡಿದು ಕರ್ನಾಟಕದ ಇಬ್ಬರು ಬಿಎಸ್‌ಎಫ್ ಯೋಧರು ಮಡಿದರು. ಒಬ್ಬರು ಬೆಳಗಾವಿ ಜಿಲ್ಲೆಯವರು, ಇನ್ನೊಬ್ಬರು ಕಾರವಾರದವರು. ಇಂಥ ಸುದ್ದಿ ಬಂದಾಗ ಊರಿಗೆ ಊರೇ ರಸ್ತೆಗೆ ಬರುತ್ತದೆ. ಪಾರ್ಥಿವ ಶರೀರ ಹೊತ್ತ ವಾಹನ ಹೂವಿನಲ್ಲಿ ಮುಚ್ಚಿಹೋಗುತ್ತದೆ. ಅಂತಿಮ ದರ್ಶನಕ್ಕೆ ಸಾಲು ನಿಲ್ಲುತ್ತದೆ.

ಅಂತ್ಯಕ್ರಿಯೆಯ ವಿಧಿಗಳಿಗೆ ಖಚಿತ ನಿಯಮಗಳಿವೆ. 2002ರ ಭಾರತದ ಧ್ವಜಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ಕೇಸರಿ ಪಟ್ಟಿ ತಲೆಯ ಕಡೆಗೆ ಬರುವಂತೆ ಶವಪೆಟ್ಟಿಗೆಯ ಮೇಲೆ ಹೊದಿಸಬೇಕು. ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಶವವಸ್ತ್ರವಾಗಿ ಧ್ವಜ ಬಳಸಲು ಅವಕಾಶವಿರುವುದು ಸರ್ಕಾರಿ ಗೌರವದ, ಸಶಸ್ತ್ರ ಪಡೆಗಳ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಗಳಲ್ಲಿ ಮಾತ್ರ.

‘ಶೋಕ ಶಸ್ತ್ರ’ ಎಂಬ ಆದೇಶ ಬಿದ್ದೊಡನೆ ಸಾಲಿನಲ್ಲಿ ನಿಂತ ಜವಾನರು ಬಂದೂಕನ್ನು ತಲೆಕೆಳಗು ಮಾಡುತ್ತಾರೆ. ನಳಿಗೆಯ ತುದಿ ನೆಲದ ಕಡೆ, ಕೈ ಹಿಡಿಕೆಯ ಮೇಲೆ, ತಲೆ ಬಾಗಿದೆ. ಗಾಳಿಯಲ್ಲಿ ಗುಂಡು ಹಾರಿಸಿ ವಂದನೆ ಸಲ್ಲಿಸುತ್ತಾರೆ. ಬ್ಯೂಗಲ್ ದನಿ ಏರಿ ಇಳಿದು ನಿಲ್ಲುತ್ತದೆ. ಆಮೇಲೆ ಧ್ವಜವನ್ನು ಮಡಿಕೆ ಮಡಿಕೆಯಾಗಿ ಮಡಚಿ ಹೆಂಡತಿಯ ಕೈಗೋ ತಾಯಿಯ ಕೈಗೋ ಇಡುತ್ತಾರೆ. ಆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಕುಸಿಯುವ ತಾಯಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಈ ಲೇಖನದ ಪ್ರಶ್ನೆ ಆ ಕೆಲವು ನಿಮಿಷಗಳ ಮೌನವನ್ನು ಕುರಿತದ್ದು.

ಅಮೆರಿಕದ ಸ್ನೈಡರ್ ಪ್ರಕರಣ

ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾದ ತೀರ್ಪು ಅಮೆರಿಕದ್ದು. ಇರಾಕ್‌ನಲ್ಲಿ 2006ರ ಮಾರ್ಚ್‌ನಲ್ಲಿ ಮಡಿದ ಮ್ಯಾಥ್ಯೂ ಸ್ನೈಡರ್ ಎಂಬ ಯುವ ಸೈನಿಕನ ಅಂತ್ಯಕ್ರಿಯೆ ಮೇರಿಲ್ಯಾಂಡ್‌ನಲ್ಲಿ ನಡೆಯಿತು. ವೆಸ್ಟ್‌ಬೊರೊ ಬ್ಯಾಪ್ಟಿಸ್ಟ್ ಚರ್ಚ್ ಎಂಬ ಪಂಥದ ಏಳು ಮಂದಿ, ಅಂತ್ಯಕ್ರಿಯೆ ನಡೆದ ಚರ್ಚಿನಿಂದ ಸುಮಾರು 1,000 ಅಡಿ ದೂರ ನಿಂತು, ಸೈನಿಕರ ಸಾವಿಗಾಗಿ ದೇವರಿಗೆ ಧನ್ಯವಾದ ಹೇಳುವ ಫಲಕ ಹಿಡಿದರು. ದೇಶ ಸಲಿಂಗಿಗಳನ್ನು ಸಹಿಸಿಕೊಂಡದ್ದಕ್ಕೆ ದೇವರು ಸೈನಿಕರನ್ನು ಕೊಲ್ಲುತ್ತಿದ್ದಾನೆ ಎಂಬುದು ಆ ಪಂಥದ ವಾದ. ಸೈನಿಕನ ತಂದೆ ಮೊಕದ್ದಮೆ ಹೂಡಿದರು.

2011ರ ಮಾರ್ಚ್ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ 8–1 ಬಹುಮತದಿಂದ ಪ್ರತಿಭಟನಾಕಾರರ ಪರ ತೀರ್ಪಿತ್ತಿತು. ಮಾತು ಎಷ್ಟೇ ನೋವು ತಂದರೂ ಅದು ಸಾರ್ವಜನಿಕ ವಿಷಯದ ಮೇಲೆ, ಸಾರ್ವಜನಿಕ ಜಾಗದಲ್ಲಿ, ಪೊಲೀಸರು ಹೇಳಿದ ಕಡೆ ನಿಂತು ಆಡಿದ್ದು. ಆದ್ದರಿಂದ ಶಿಕ್ಷಿಸಲಾಗದು ಎಂಬುದು ಅದರ ಸಾರ. ನ್ಯಾಯಮೂರ್ತಿ ಅಲಿಟೊ ಒಬ್ಬರೇ ಭಿನ್ನಮತ ಬರೆದರು. ಆದರೆ ಅಲ್ಲಿನ ಶಾಸಕಾಂಗ ಸುಮ್ಮನಿರಲಿಲ್ಲ. 2006ರಲ್ಲಿ ರಾಷ್ಟ್ರೀಯ ಸ್ಮಶಾನಗಳ ಸುತ್ತ ಪ್ರತಿಭಟನೆಗೆ ಮಿತಿ ಹಾಕುವ ಕಾನೂನು ಬಂತು. 2012ರಲ್ಲಿ ಅದನ್ನು ಬಿಗಿಗೊಳಿಸಿ, ಸೇನಾ ಅಂತ್ಯಕ್ರಿಯೆಯ ಹಿಂದಿನ ಮತ್ತು ಮುಂದಿನ ಎರಡೆರಡು ಗಂಟೆ ಕಾಲ 300 ಅಡಿಯೊಳಗೆ ಅಡ್ಡಿಪಡಿಸುವಂತಿಲ್ಲ ಎಂದರು. ಏನು ಹೇಳುತ್ತಾರೆ ಎಂಬುದಕ್ಕೆ ಅಲ್ಲಿ ತಡೆಯಿಲ್ಲ; ಎಲ್ಲಿ, ಯಾವಾಗ ಎಂಬುದಕ್ಕೆ ಮಾತ್ರ ಇದೆ.

ನಮ್ಮಲ್ಲಿ ಪ್ರತಿಭಟಿಸುವವರು ಯಾರು

ಭಾರತದಲ್ಲಿ ಪರಿಸ್ಥಿತಿ ಬೇರೆ. ಸತ್ತ ಸೈನಿಕನನ್ನು ಹಳಿಯಲು ನಮ್ಮ ಜನ ಸ್ಮಶಾನಕ್ಕೆ ಬರುವುದಿಲ್ಲ. ನಮ್ಮಲ್ಲಿ ದನಿ ಎತ್ತುವವರು ಹೆಚ್ಚಾಗಿ ಎರಡು ಬಗೆ.

ಮೊದಲನೆಯವರು ಮನೆಯವರೇ. 2017ರ ಮೇ ತಿಂಗಳಲ್ಲಿ ಪೂಂಛ್‌ನಲ್ಲಿ ಹತನಾದ ಬಿಎಸ್‌ಎಫ್ ಯೋಧನೊಬ್ಬನ ಕುಟುಂಬ ಉತ್ತರ ಪ್ರದೇಶದ ದೇವರಿಯಾದಲ್ಲಿ, ಮುಖ್ಯಮಂತ್ರಿ ಭರವಸೆ ಕೊಡುವವರೆಗೂ ಅಂತ್ಯಸಂಸ್ಕಾರ ಮಾಡುವುದಿಲ್ಲ ಎಂದು ಕೂತಿತ್ತು. 2008ರ ಮುಂಬೈ ದಾಳಿಯಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಅಂತ್ಯಕ್ರಿಯೆ ಮುಗಿದ ಮರುದಿನ ಕೇರಳದ ಅಂದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಮನೆಗೆ ಬಂದಾಗ, ಮೇಜರ್ ಅವರ ತಂದೆ ಅವರನ್ನು ಬರಮಾಡಿಕೊಳ್ಳಲು ಒಪ್ಪಲಿಲ್ಲ. ಅದೂ ಒಂದು ಪ್ರತಿಭಟನೆಯೇ. ಅದನ್ನು ತಪ್ಪೆನ್ನಲು ಯಾರಿಗೂ ಬಾಯಿ ಬರದು.

ಎರಡನೆಯವರು ಪಕ್ಷಗಳ ಕಾರ್ಯಕರ್ತರು. 2022ರ ಆಗಸ್ಟ್ 13ರಂದು ಮದುರೈ ವಿಮಾನನಿಲ್ದಾಣದಲ್ಲಿ, ರಜೌರಿಯಲ್ಲಿ ಮಡಿದ ತಮಿಳುನಾಡಿನ ಯೋಧನಿಗೆ ನಮನ ಸಲ್ಲಿಸಿ ಹೊರಟ ರಾಜ್ಯದ ಹಣಕಾಸು ಸಚಿವರ ಕಾರಿನ ಮೇಲೆ ಚಪ್ಪಲಿ ತೂರಲಾಯಿತು. ಆ ದಿನದ ಸುದ್ದಿಯಲ್ಲಿ ಚಪ್ಪಲಿ ಮುಂದಾಯಿತು, ಯೋಧ ಹಿಂದಾದ. ಮಡಿದ ಹುಡುಗನಿಗೂ ಅವನ ಹೆತ್ತವರಿಗೂ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಕಾನೂನು ಏನು ಹೇಳುತ್ತದೆ

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನೂ 19(1)(ಬಿ) ಶಸ್ತ್ರವಿಲ್ಲದೆ ಶಾಂತವಾಗಿ ಸೇರುವ ಹಕ್ಕನ್ನೂ ಕೊಡುತ್ತವೆ. 19(2) ಮತ್ತು 19(3) ಸಮಂಜಸ ನಿರ್ಬಂಧಕ್ಕೆ ಅವಕಾಶ ಕೊಡುತ್ತವೆ. ಬದುಕಿನ ಘನತೆಯನ್ನು ಕಾಯುವ 21ನೇ ವಿಧಿ ಮೃತದೇಹದ ಘನತೆಗೂ ಅನ್ವಯಿಸುತ್ತದೆ ಎಂದು ನ್ಯಾಯಾಲಯಗಳು ಹೇಳಿವೆ.

ಸೇನಾ ಅಂತ್ಯಕ್ರಿಯೆಗೆಂದೇ ಪ್ರತ್ಯೇಕ ಪ್ರತಿಭಟನಾ ನಿಷೇಧ ಬೇಕು ಎನ್ನುವವರು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಓದಬೇಕು. ಹಳೆಯ ದಂಡಸಂಹಿತೆಯಲ್ಲಿ ಇದು 297ನೇ ಕಲಂ ಆಗಿತ್ತು. ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ, ಇಲ್ಲವೇ ನೋವಾಗುತ್ತದೆ ಎಂದು ತಿಳಿದೂ, ಉತ್ತರಕ್ರಿಯೆಗೆ ಸೇರಿದವರಿಗೆ ಅಡ್ಡಿಪಡಿಸಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ. ಇದು ಸೈನಿಕನಿಗೂ ಮೀನುಗಾರನಿಗೂ ಒಂದೇ. ಸಾವಿನ ಮನೆಯ ಮರ್ಯಾದೆಯಲ್ಲಿ ಮೇಲು ಕೀಳು ಎಣಿಸದಿರುವುದು ಈ ಕಲಮಿನ ದೊಡ್ಡತನ.

ರಾಜಸ್ಥಾನ ಇನ್ನೂ ಮುಂದೆ ಹೋಯಿತು. ಶವವನ್ನು ರಸ್ತೆಯಲ್ಲಿಟ್ಟು ಪ್ರತಿಭಟಿಸುವುದನ್ನೇ ಅಪರಾಧವೆಂದು ಸಾರುವ ಮೃತದೇಹ ಗೌರವ ಮಸೂದೆಯನ್ನು ಅಲ್ಲಿನ ವಿಧಾನಸಭೆ 2023ರ ಜುಲೈನಲ್ಲಿ ಅಂಗೀಕರಿಸಿತು. ಹೊರಗಿನವರಿಗೆ ಐದು ವರ್ಷ, ಮನೆಯವರಿಗೆ ಎರಡು ವರ್ಷದವರೆಗೆ ಸಜೆ. ಶವದ ಹೆಸರಲ್ಲಿ ರಾಜಕೀಯ ನಿಲ್ಲಲಿ ಎಂಬ ಉದ್ದೇಶ ಸರಿಯೇ. ಆದರೆ ನ್ಯಾಯ ಸಿಗದೆ ಮಗನ ದೇಹದ ಪಕ್ಕ ಕೂತ ತಂದೆಯನ್ನು ಜೈಲಿಗೆ ಕಳಿಸುವ ಕಾನೂನನ್ನು ಗೌರವದ ಕಾನೂನು ಎನ್ನಲು ಮನಸ್ಸು ಒಪ್ಪುವುದಿಲ್ಲ.

ಅಂತ್ಯಕ್ರಿಯೆಗೆ ಹೆದರುವ ಆಡಳಿತ ಏನು ಮಾಡುತ್ತದೆ ಎಂಬುದಕ್ಕೆ ಚರಿತ್ರೆ ಸಾಕ್ಷಿ. 1931ರ ಮಾರ್ಚ್ 23ರಂದು ಭಗತ್ ಸಿಂಗ್ ಮತ್ತು ಸಂಗಾತಿಗಳನ್ನು ಗಲ್ಲಿಗೇರಿಸಿದ ಬ್ರಿಟಿಷರು ದೇಹಗಳನ್ನು ಮನೆಯವರಿಗೆ ಕೊಡದೆ ಸಟ್ಲೆಜ್ ನದಿಯ ದಂಡೆಯಲ್ಲಿ ಗುಟ್ಟಾಗಿ ಸುಟ್ಟರು. 2020ರಲ್ಲಿ ಹಾಥರಸ್‌ನಲ್ಲಿ ಪೊಲೀಸರು ನಡುರಾತ್ರಿ ಯುವತಿಯ ದೇಹವನ್ನು ಸುಟ್ಟಾಗ ಅಲಹಾಬಾದ್ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಗೆರೆ ಎಲ್ಲಿ ಎಳೆಯಬೇಕು

ಇಷ್ಟನ್ನೂ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ. ಸೇನಾ ಅಂತ್ಯಕ್ರಿಯೆಯ ಹೊತ್ತಿನಲ್ಲಿ, ಆ ಜಾಗದಲ್ಲಿ ಹೊರಗಿನವರ ಪ್ರತಿಭಟನೆ ಸಲ್ಲದು. ಆದರೆ ಅದನ್ನು ತಡೆಯಲು ಹೊಸ ಕಾನೂನೇನೂ ಬೇಕಿಲ್ಲ. ಮೂರು ನಿಯಮ ಪಾಲಿಸಿದರೆ ಸಾಕು.

ಒಂದು, ನಿರ್ಬಂಧ ಹೊತ್ತಿಗೂ ದೂರಕ್ಕೂ ಸೀಮಿತವಾಗಿರಲಿ. ಅಂತಿಮ ಯಾತ್ರೆ ಮನೆಯಿಂದ ಹೊರಟು ವಿಧಿ ಮುಗಿಯುವವರೆಗೆ, ದನಿ ಕೇಳುವಷ್ಟು ದೂರದೊಳಗೆ ಮಾತ್ರ. ಮರುದಿನ ಅದೇ ಜನ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತು ಗುಪ್ತಚರ ವೈಫಲ್ಯವನ್ನೋ ಯುದ್ಧನೀತಿಯನ್ನೋ ಪ್ರಶ್ನಿಸಿದರೆ ಅದು ದೇಶದ್ರೋಹವಲ್ಲ.

ಎರಡು, ನಿಯಮ ಎಲ್ಲರಿಗೂ ಒಂದೇ ಇರಲಿ. ಧಿಕ್ಕಾರ ಕೂಗುವವರಿಗೆ ತಡೆ ಹಾಕಿ, ಪಕ್ಷದ ಬಾವುಟ ಹಿಡಿದು ಜೈಕಾರ ಹಾಕುವವರನ್ನು ಮುಂದಿನ ಸಾಲಿಗೆ ಬಿಡುವುದು ಗೌರವವಲ್ಲ. ನಮ್ಮಲ್ಲಿ ಮನೆಯವರಿಗೆ ಶವಪೆಟ್ಟಿಗೆಯ ಹತ್ತಿರ ಜಾಗವಿಲ್ಲದಂತೆ ಮಾಡುವವರು ಪ್ರತಿಭಟನಾಕಾರರಿಗಿಂತ ಹೆಚ್ಚಾಗಿ ಗಣ್ಯರ ಸಾಲು ಮತ್ತು ತಲೆ ಮೇಲೆತ್ತಿದ ಮೊಬೈಲುಗಳು.

ಮೂರು, ಮನೆಯವರ ಮಾತಿಗೆ ಯಾವ ನಿರ್ಬಂಧವೂ ಬೇಡ. ಆ ದಿನದ ಮೊದಲ ಹಕ್ಕು ಅವರದು. ಅವರು ಅಳಲಿ, ಬೈಯಲಿ, ಮಂತ್ರಿಯ ಹೂಗುಚ್ಛ ಬೇಡವೆನ್ನಲಿ. ಕೇಳಿಸಿಕೊಳ್ಳುವುದು ಆಡಳಿತದ ಕರ್ತವ್ಯ.

ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆಗೆ, ರಾಣೆಯವರನ್ನು ಕೊಟ್ಟ ಕಾರವಾರಕ್ಕೆ ಈ ವಿವೇಕ ಹೊಸದಲ್ಲ. ಹೂವು ಮುಚ್ಚಿದ ವಾಹನ ಹೆದ್ದಾರಿ 66ರಲ್ಲಿ ಊರೊಳಗೆ ಬಂದಾಗ ದಾರಿ ಬಿಟ್ಟು ನಿಲ್ಲಿ, ಬಾವುಟ ಮಡಚಿ, ಮೊಬೈಲ್ ಜೇಬಿಗೆ ಹಾಕಿ. ನಿಮ್ಮ ಮನವಿಪತ್ರ ನ್ಯಾಯವಾದದ್ದೇ ಆಗಿದ್ದರೆ ಮರುದಿನ ಬೆಳಗ್ಗೆಯೂ ಅದು ನ್ಯಾಯವಾಗಿಯೇ ಇರುತ್ತದೆ. ಆಗ ಅದನ್ನು ಹಿಡಿದು ಕಚೇರಿಯ ಮೆಟ್ಟಿಲು ಹತ್ತಿ.