ಉಲ್ಲಾಳದ ನೆಲ, 1894ರ ಕಾನೂನು

ಬೆಂಗಳೂರಿನ ಉಲ್ಲಾಳದ ಬಳಿ ಇಂದು ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯಿದೆ. ಹಿಂದೆ ಇಲ್ಲಿದ್ದದ್ದು ಹೊಲ, ತೋಟ. ರೈತರ ಜಮೀನನ್ನು ಬಡಾವಣೆಯಾಗಿಸುವ ಸರ್ಕಾರಿ ಅಧಿಕಾರದ ಬೇರು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯಲ್ಲಿದೆ.

ಮೊದಲು ಗೆಜೆಟ್‌ನಲ್ಲಿ ಅಧಿಸೂಚನೆ, ಆಮೇಲೆ ಅಂತಿಮ ಘೋಷಣೆ, ಕೊನೆಗೆ ಪರಿಹಾರದ ಆದೇಶ. ‘ಸಾರ್ವಜನಿಕ ಉದ್ದೇಶ’ ಯಾವುದೆಂದು ಸರ್ಕಾರವೇ ತೀರ್ಮಾನಿಸುತ್ತಿತ್ತು. ಜಮೀನಿನ ಒಡೆಯನ ಆಕ್ಷೇಪಣೆ ಕೇಳಬೇಕೆಂಬ ನಿಯಮ ಸೇರಿದ್ದೇ 1923ರ ತಿದ್ದುಪಡಿಯಲ್ಲಿ. ಆಗಲೂ ಆತ ಆಕ್ಷೇಪಿಸಬಹುದಿತ್ತು, ಕೊಡಲೊಲ್ಲೆ ಎನ್ನುವಂತಿರಲಿಲ್ಲ.

ಬ್ರಿಟಿಷರು ಹೋದರು, ಕಾಯ್ದೆ ಉಳಿಯಿತು.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯೂ ಭೂಸ್ವಾಧೀನಕ್ಕೆ ಅದನ್ನೇ ಆಧರಿಸಿತು. ಸಂವಿಧಾನದ 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ಕೈಬಿಟ್ಟಿತು. 1894ರ ಕಾಯ್ದೆ ರದ್ದಾಗಿ, ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾಯ್ದೆ ಜಾರಿಯಾದದ್ದು 2014ರ ಜನವರಿ 1ರಂದು. ಬೆಂಗಳೂರಿನ ಮುಂದಿನ ಬಡಾವಣೆಗಳಿಗೆ ರೈತರ ಒಪ್ಪಿಗೆ ಕಡ್ಡಾಯವೆಂದು ಪ್ರಾಧಿಕಾರದ ಕಾಯ್ದೆಯಲ್ಲೇ ಬರೆಯಬೇಕು.